ಕಡ್ಡಿ ಬಿತ್ತು, ಕರೆಯುವುದು ಉಳಿಯಿತು

ಆಗೆಲ್ಲ ಯಶವಂತನಗರದಲ್ಲಿ ಮಳೆ ಬಂದರೆ ನೀರು ಕೆಂಪಗೆ ಹರಿಯುತ್ತಿತ್ತು. ಗಣಿಯ ಗುಡ್ಡದಿಂದ ಇಳಿದ ನೀರು ನಮ್ಮ ಕೂಲಿ ಲೈನು ಮನೆಗಳ ಮುಂದೆ ಕುಂಕುಮ ಕಲಸಿದ ಹಾಗೆ ಹೋಗುವುದು. ಒಗೆದ ಬಟ್ಟೆ ಕೆಂಪು, ಕೋಳಿಯ ಕಾಲು ಕೆಂಪು, ನಮ್ಮ ಮೂಗಿನಿಂದ ಸುರಿಯುವುದೂ ಕೆಂಪು. ರೊಟ್ಟಿ ಮುರಿದು ಬಾಯಿಗಿಟ್ಟರೆ ಹಲ್ಲಿನ ನಡುವೆ ಅದಿರಿನ ಪುಡಿ ಕರಕರ ಅನ್ನುತ್ತಿತ್ತು. ಅದನ್ನು ತಿಂದೇ ಬೆಳೆದವರು ನಾವು. ಸಂಡೂರಿನ ಕಡೆಯವರು ಯಾರಾದರೂ ಇದನ್ನು ಓದುತ್ತಿದ್ದರೆ ಅವರ ನಾಲಿಗೆಗೆ ಈಗಾಗಲೇ ಆ ತುಕ್ಕಿನ ರುಚಿ ಬಂದಿರುತ್ತದೆ.

ನಾನು ಹೇಳಬೇಕೆಂದಿರುವುದು ಅಂಥ ಒಂದು ಮಳೆಗಾಲದ ಆಟದ ವಿಷಯ. ಹೆದರಿಕೆಯ ಆಟ. ಆಟದೊಳಗೆ ಸತ್ತವರನ್ನು ಆಟ ಮುಗಿಯುವ ಮುಂಚೆ ಹೆಸರು ಹಿಡಿದು ವಾಪಸ್ ಕರೆಯಬೇಕು, ಅದು ನಮ್ಮ ಕಟ್ಟು, ಆಟದ ನಿಯಮ. ನಮ್ಮಲ್ಲಿ ಒಬ್ಬಳನ್ನು ಕರೆಯಲಾಗಲೇ ಇಲ್ಲ. ಅವಳು ನನ್ನ ಗೆಳತಿ, ಮಗ್ಗುಲ ಮನೆಯವಳು. ಕರೆಯುವ ತನಕ ಹೆಸರು ಎತ್ತಬಾರದು ಎನ್ನುವುದೂ ಕಟ್ಟೇ ಆಗಿದ್ದರಿಂದ ಅವಳ ಹೆಸರನ್ನು ಸದ್ಯಕ್ಕೆ ಬರೆಯುವುದಿಲ್ಲ. ಬರೆಯುವ ಜಾಗ ಬಂದಾಗ ಬರೆಯುತ್ತೇನೆ. ಹೋದ ಭಾನುವಾರದಿಂದ ಒಲೆಯ ಮೇಲಿನ ಹಾಲಿನ ಹಾಗೆ ನನ್ನ ಎದೆ ಉಕ್ಕುತ್ತಿದೆ, ಯಾರ ಹತ್ತಿರವಾದರೂ ಹೇಳದೆ ಇದ್ದರೆ ಒಲೆಯೇ ಆರಿಹೋದೀತು.

ನಮ್ಮಪ್ಪ ಅದಿರು ಲಾರಿಗೆ ತುಂಬುವ ಕೆಲಸಕ್ಕೆ ಹೋಗುತ್ತಿದ್ದ, ಅವ್ವ ಸುತ್ತಿಗೆ ಹಿಡಿದು ಅದಿರು ಒಡೆಯಲು. ಶ್ರಾವಣ ಬಂತೆಂದರೆ ಗುಡ್ಡದ ದಾರಿ ಜಾರುತ್ತಿತ್ತು, ಲಾರಿ ಹತ್ತುತ್ತಿರಲಿಲ್ಲ, ಕೆಲಸ ನಿಲ್ಲುತ್ತಿತ್ತು. ದೊಡ್ಡವರು ಮನೆಯೊಳಗೆ ಬೀಡಿ ಸೇದುತ್ತ, ಸೋರುವ ಕಡೆ ತಪ್ಪೇಲಿ ಇಡುತ್ತ ಕೂರುವರು. ನಮ್ಮನ್ನು ಹೊರಗೆ ಅಟ್ಟುವರು. ಶಾಲೆ ಇತ್ತು. ಮೂರನೇ ಇಯತ್ತೆಯಲ್ಲಿ ನಾನು ಅದನ್ನು ಬಿಟ್ಟೆ, ಅಥವಾ ಅದೇ ನನ್ನನ್ನು ಬಿಟ್ಟಿತು.

ಲೈನಿನ ಕೊನೆಗೆ ಗಾಲಿ ಬಿಚ್ಚಿದ ಒಂದು ಹಳೆಯ ಲಾರಿ ಕಲ್ಲುಗಳ ಮೇಲೆ ಕುಳಿತಿತ್ತು. ಅದರ ಬಾಡಿಯ ಮೇಲೆ ಯಾರೋ ತಾಡಪತ್ರಿ ಹೊದೆಸಿ ಹಗ್ಗ ಕಟ್ಟಿದ್ದರು. ಹಿಂದಿನ ಹಲಗೆಯ ಸಂದಿಯಿಂದ ನುಸುಳಿ ಒಳಗೆ ಹೋದರೆ ನಡುಮಧ್ಯಾಹ್ನವೂ ಕತ್ತಲು. ಡೀಸೆಲ್ಲಿನ ವಾಸನೆ, ತೊಯ್ದ ತಾಡಪತ್ರಿಯ ಕಮಟು. ತಲೆಯ ಮೇಲೆ ಮಳೆ ಬೀಳುವ ಸದ್ದು ಎಷ್ಟು ಜೋರಾಗಿ ಇರುತ್ತಿತ್ತೆಂದರೆ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಲು ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂರಬೇಕು. ಮೂಲೆಯಲ್ಲಿ ಹಳೆಯ ಅದಿರಿನ ಪುಡಿ ಒಣಗಿ ರಾಶಿ ಬಿದ್ದಿತ್ತು. ನಯವಾದದ್ದು, ತೂಕದ್ದು, ಬೆರಳಿಗೆ ಹತ್ತಿದರೆ ಮಿಣಮಿಣ ಮಿಂಚುವಂಥದ್ದು. ನಮ್ಮ ಆಟಕ್ಕೆ ಬೇಕಾದ ಸಾಮಾನೆಂದರೆ ಆ ಪುಡಿ ಮತ್ತು ಗೇಣುದ್ದದ ಒಂದು ಬೇವಿನ ಕಡ್ಡಿ.

ಆಟ ಕಲಿಸಿದವಳು ದುರ್ಗಕ್ಕ. ನಮಗಿಂತ ದೊಡ್ಡವಳು, ಆಗಲೇ ತನ್ನ ಅವ್ವನ ಸಂಗಡ ಅದಿರು ಒಡೆಯಲು ಹೋಗುತ್ತಿದ್ದಳು. ಸುತ್ತಿಗೆ ಬಡಿಸಿಕೊಂಡು ಅವಳ ಹೆಬ್ಬೆರಳ ಉಗುರು ಕಪ್ಪಗಾಗಿತ್ತು. ಅವಳು ಹೇಳುವವಳು. ಆಡುವವರು ನಾನು, ನನ್ನ ಗೆಳತಿ, ಮತ್ತೆ ಎದುರು ಮನೆಯ ಬಸ್ಯಾ.

ಆಟ ಹೀಗೆ. ನಡುವೆ ಪುಡಿಯ ಗುಡ್ಡಿ ಮಾಡಿ ತುದಿಗೆ ಕಡ್ಡಿ ನೆಡುವುದು. ದುರ್ಗಕ್ಕ ಕಥೆ ಶುರು ಮಾಡುವಳು, ಆ ಕಥೆಯೊಳಗೆ ನಾವೇ ಇರುತ್ತಿದ್ದೆವು. ಮುಂದೇನು ಮಾಡುತ್ತೀರಿ ಎಂದು ಕೇಳುವಳು, ನಾವು ಹೇಳಬೇಕು. ಸುಮ್ಮನೆ ನಡೆಯುತ್ತೇನೆ, ಕೂರುತ್ತೇನೆ ಎಂದರೆ ಏನೂ ಇಲ್ಲ. ಆದರೆ ಎದೆ ಡವಗುಟ್ಟುವಂಥ ಕೆಲಸ ಮಾಡುವುದಿದ್ದರೆ, ಗವಿಯೊಳಗೆ ಕೈ ಹಾಕುವುದೋ, ಹೊಳ್ಳಿ ಹಿಂದಕ್ಕೆ ನೋಡುವುದೋ, ಮೊದಲು ಗುಡ್ಡಿಯಿಂದ ಒಂದು ಹಿಡಿ ಪುಡಿ ತೆಗೆಯಬೇಕು. ಕಡ್ಡಿ ನಿಂತರೆ ನೀನು ಬದುಕಿದೆ, ಕಥೆ ಮುಂದಕ್ಕೆ. ಬಿದ್ದರೆ ಕಥೆಯಲ್ಲಿದ್ದದ್ದು ನಿನ್ನನ್ನು ಹಿಡಿಯಿತು.

"ಗುಡ್ಡದ ಮ್ಯಾಲ ಅದೀರಿ. ಮ್ಯಾಕಿ ಕಳದೈತಿ. ಹಳೇ ಗವಿ ಮುಂದ ಅದರ ಕೊಳ್ಳಾಗಿನ ಗಂಟಿ ಬಿದ್ದೈತಿ," ಎನ್ನುವಳು ದುರ್ಗಕ್ಕ.

"ನಾ ಗಂಟಿ ತಗೋತೀನಿ," ಎನ್ನುವನು ಬಸ್ಯಾ.

"ತಗೋ. ಮೊದಲ ಮಣ್ಣು ತಗಿ."

"ಗಂಟಿ ತಗೊಳಾಕ ಮಣ್ಣು ಯಾಕ? ಗಂಟಿ ಏನು ಕಡೀತೈತೇನು?"

"ಗಂಟಿ ಇನ್ನಾ ಬೆಚ್ಚಗ ಐತಿ. ಅದಕ್ಕ."

ಅಷ್ಟೇ ಸಾಕಾಗುತ್ತಿತ್ತು. ಬಸ್ಯಾ ಅಂಗೈಯನ್ನು ಚಡ್ಡಿಗೆ ಒರೆಸಿ ಒರೆಸಿ ಪುಡಿಗೆ ಕೈ ಹಾಕುವನು. ದುರ್ಗಕ್ಕ ದೆವ್ವದ ಹಲ್ಲು ಇಷ್ಟುದ್ದ, ಕೂದಲು ಅಷ್ಟುದ್ದ ಎಂದು ಯಾವತ್ತೂ ಹೇಳಿದವಳಲ್ಲ. ದೆವ್ವ ಎನ್ನುವ ಮಾತನ್ನೇ ಆಡುತ್ತಿರಲಿಲ್ಲ. ನಮ್ಮನ್ನು ಹೆದರಿಸುತ್ತಿದ್ದದ್ದು ನಮ್ಮದೇ ಕೈ. ಕಥೆಯಲ್ಲಿ ಆಗುವುದೆಲ್ಲ ನಮ್ಮ ಬೆರಳ ತುದಿಯಲ್ಲಿ ಆಗುತ್ತಿತ್ತು. ಪುಡಿ ಒಂದು ಕಡೆಯಿಂದ ಸರ್ರನೆ ಜಾರಿದರೆ ಎದೆಯಲ್ಲಿ ಏನೋ ಜಾರಿದಂತೆ ಆಗುತ್ತಿತ್ತು.

ಕಡ್ಡಿ ಬೀಳಿಸಿದವರು ನಮಗೆ ಬೆನ್ನು ಕೊಟ್ಟು, ಹಿಂದಿನ ಹಲಗೆಯ ಕಡೆ ಮುಖ ಮಾಡಿ ಕೂರಬೇಕು. ಮಾತಾಡಬಾರದು, ಹೊಳ್ಳಿ ನೋಡಬಾರದು. ನಾವು ಅವರ ಹೆಸರು ಎತ್ತಬಾರದು. ಕಥೆ ಮುಗಿದ ಮೇಲೆ ಮತ್ತೆ ಗುಡ್ಡಿ ಮಾಡಿ, ಕಡ್ಡಿ ನೆಟ್ಟು, ಎಲ್ಲರೂ ಸುತ್ತ ಕುಳಿತಾಗ ದುರ್ಗಕ್ಕ ಮೂರು ಸಲ ಹೆಸರು ಹಿಡಿದು ಕರೆಯುವಳು. ಮೂರನೆಯದಕ್ಕೆ ಅವರು "ಓ, ಬಂದೆ" ಎಂದು ತಿರುಗಬೇಕು. ಆಗ ಅವಳು ಆ ಕಪ್ಪು ಉಗುರಿನ ಹೆಬ್ಬೆರಳಿನಿಂದ ಹಣೆಗೆ ಕೆಂಪು ಪುಡಿ ಒತ್ತುವಳು. ಅಲ್ಲಿಗೆ ವಾಪಸ್ ಬಂದ ಹಾಗೆ. ಮೊದಲನೇ ಕೂಗಿಗೇ ಓಗೊಡಬಾರದು ಎಂದು ನಮ್ಮ ಮನೆಗಳಲ್ಲಿಯೂ ಹೇಳುತ್ತಿದ್ದರಲ್ಲ, ಮುಸ್ಸಂಜೆಯಲ್ಲಿ ಹೊರಗಿನಿಂದ ಯಾರಾದರೂ ಕರೆದರೆ? ಅದೇ ಲೆಕ್ಕ. ಗುಡ್ಡಿ ಕಟ್ಟದೆ, ಸುತ್ತ ಕೂರದೆ ಕರೆದರೆ ಕರೆಸಿಕೊಂಡವರ ಹಿಂದೆ ಗವಿಯೊಳಗಿನದೂ ಬರುತ್ತದೆ ಎನ್ನುವಳು ದುರ್ಗಕ್ಕ. ನಮ್ಮಲ್ಲಿ ಯಾರೂ ಅದನ್ನು ಪರೀಕ್ಷೆ ಮಾಡಿ ನೋಡಲು ಹೋಗಲಿಲ್ಲ.

ಬಸ್ಯಾ ದಿನಾ ಸಾಯುತ್ತಿದ್ದ. ಸತ್ತು, ಬೆನ್ನು ತಿರುಗಿಸಿ ಕುಳಿತು, ಚಡ್ಡಿಯ ಜೇಬಿನಿಂದ ಸುಟ್ಟ ಮೆಕ್ಕೆಜೋಳದ ತೆನೆ ತೆಗೆದು ಕಟಕಟ ತಿನ್ನುತ್ತಿದ್ದ.

"ಸತ್ತಾಂವ ತೆನಿ ತಿಂತಾನೇನ್ಲೇ?" ಎಂದರೆ ಮಾತಾಡುವಂತಿಲ್ಲವಲ್ಲ, ತೆನೆ ಎತ್ತಿ ಹಿಂದಕ್ಕೆ ತೋರಿಸುತ್ತಿದ್ದ, ಬೇಕಾ ಎನ್ನುವ ಹಾಗೆ. ನನ್ನ ಗೆಳತಿ ಬಾಯಿಗೆ ಲಂಗ ತುರುಕಿಕೊಂಡು ನಗುತ್ತಿದ್ದಳು. ಗುಡ್ಡಿ ಅಲುಗಬಾರದಲ್ಲ.

ಅವಳ ಕೈಯಿಂದ ಕಡ್ಡಿ ಬಿದ್ದದ್ದೇ ಇಲ್ಲ. ಬಳೆಗಳು ಸದ್ದು ಮಾಡದ ಹಾಗೆ ಮೊಣಕೈ ತನಕ ಮೇಲಕ್ಕೆ ಸರಿಸಿ, ಕೈಯನ್ನು ಗುಡ್ಡಿಯ ಬುಡಕ್ಕೆ ಮೆಲ್ಲಗೆ ತರುವಳು, ಮಲಗಿದ ಕೂಸಿನ ಕೆಳಗಿಂದ ಬಟ್ಟೆ ಎಳೆಯುವ ಹಾಗೆ. ಕಣ್ಣು ಮಿಟುಕಿಸುತ್ತಿರಲಿಲ್ಲ. ಎಡಹುಬ್ಬಿನ ಮೇಲೆ ಅದಿರಿನ ಚೂರು ಸಿಡಿದು ಆದ ಗಾಯದ ಗೆರೆಯೊಂದಿತ್ತು, ಪುಡಿ ತೆಗೆಯುವಾಗ ಆ ಹುಬ್ಬು ಒಂದೇ ಮೇಲೇಳುತ್ತಿತ್ತು. ಹೀಗಾಗಿ ಆ ಮಳೆಗಾಲವಿಡೀ ನಾವೆಲ್ಲ ಸತ್ತು ಸತ್ತು ವಾಪಸ್ ಬಂದಿದ್ದೆವು, ಅವಳೊಬ್ಬಳೇ ಸತ್ತಿರಲಿಲ್ಲ. ಕರೆಸಿಕೊಂಡು ತಿರುಗುವಾಗ ಹೇಗಾಗುತ್ತದೆ ಎಂದು ಒಮ್ಮೆ ನನ್ನನ್ನು ಕೇಳಿದ್ದಳು.

"ಏನಾಗಂಗಿಲ್ಲ. ಬೆಳಕಿಗೆ ಬಂದಂಗ ಆಗತೈತಿ," ಎಂದೆ ನಾನು. ಲಾರಿಯೊಳಗೆ ಬೆಳಕು ಎಲ್ಲಿತ್ತು? ಆದರೂ ಹಾಗೇ ಆಗುತ್ತಿತ್ತು.

ಆ ವರ್ಷದ ಬೇಸಿಗೆಯಲ್ಲಿ ಅವಳ ಅವ್ವ ಜ್ವರ ಬಂದು ತೀರಿಕೊಂಡಿದ್ದಳು. ಮನೆಯಲ್ಲಿ ಅಪ್ಪ, ಅವಳು, ಇಬ್ಬರೇ. ರೊಟ್ಟಿ ಅವಳೇ ಬಡಿಯುತ್ತಿದ್ದಳು, ದಪ್ಪ ದಪ್ಪ. ನಮ್ಮವ್ವ ಮಾಡಿದ ಗುರೆಳ್ಳಿನ ಪುಡಿ ಒಯ್ದು ಕೊಟ್ಟರೆ ಅದನ್ನು ಅಪ್ಪನಿಗೆಂದು ಮುಚ್ಚಿಡುತ್ತಿದ್ದಳು. ಅವ್ವನ ಮಾತನ್ನು ಅವಳೂ ಆಡುತ್ತಿರಲಿಲ್ಲ, ನಾವೂ ಆಡುತ್ತಿರಲಿಲ್ಲ.

ಆ ದಿನ ಮಳೆ ಬೆಳಗಿನಿಂದ ಬಿಟ್ಟಿರಲಿಲ್ಲ. ತಾಡಪತ್ರಿ ಎಲ್ಲಿಯೋ ಹರಿದು ನಮ್ಮ ಪುಡಿಯ ರಾಶಿಯ ಮೇಲೆ ಹನಿ ಬಿದ್ದಿತ್ತು. ಮೇಲೆ ಒಣಗಿದಂತೆ ಕಂಡರೂ ಒಳಗೆ ತೇವ. ಅದು ನಮಗೆ ಗೊತ್ತಾದದ್ದು ಆಟ ನಡುವಿಗೆ ಬಂದ ಮೇಲೆ. ಬೀಳಬೇಕಾದ ಕಡ್ಡಿ ಬೀಳುತ್ತಿರಲಿಲ್ಲ. ನಾನು ತೆಗೆದೆ, ಬಸ್ಯಾ ತೆಗೆದ, ಅವಳು ತೆಗೆದಳು, ಮತ್ತೆ ನಾನು ತೆಗೆದೆ. ಗುಡ್ಡಿಯ ಸೊಂಟ ಸಣ್ಣಗಾಗಿ ಸಣ್ಣಗಾಗಿ ನಮ್ಮ ಮಣಿಕಟ್ಟಿನಷ್ಟಾಯಿತು. ಅದರ ಮೇಲೆ ಕಡ್ಡಿ ನೆಟ್ಟಗೆ ನಿಂತೇ ಇತ್ತು. ಬಿದ್ದಿದ್ದರೆ ನಗುತ್ತಿದ್ದೆವು. ನಿಂತದ್ದೇ ನಮ್ಮ ಬಾಯಿ ಒಣಗಿಸಿತು. ಬಸ್ಯಾ ಸಾಯದೆ ಇದ್ದ ದಿನ ಅದೊಂದೇ, ತೆನೆಯನ್ನೂ ಮರೆತು ಕುಳಿತಿದ್ದ.

ಕಥೆಯಲ್ಲಿ ನಾವು ಗವಿಯ ಬಾಯಿಗೆ ಬಂದಿದ್ದೆವು. ಒಳಗಿನಿಂದ ದನಿಗಳು ಕರೆಯುತ್ತಿದ್ದವು. ದುರ್ಗಕ್ಕ ದಿನವೂ ಮೇಸ್ತ್ರಿಯ ದನಿಯೋ, ಕಿರಾಣಿ ಅಂಗಡಿಯವನ ದನಿಯೋ ಮಾಡುತ್ತಿದ್ದಳು. ಅವತ್ತು ಬಸ್ಯಾನ ಕಡೆ ವಾಲಿ ಮೆಲ್ಲಗೆ ಹೇಳಿದಳು.

"ಬಸ್ಯಾ, ಒಳಗಿಂದ ನಿಮ್ಮವ್ವ ಕರಿಯಾಕತ್ಯಾಳ. ಓ ಅಂತೀ ಏನು?"

"ನಾ ಒಲ್ಲೆ. ನಮ್ಮವ್ವ ಮನ್ಯಾಗ ಅದಾಳ, ಈಗ ಬೈಸ್ಕೊಂಡು ಬಂದೀನಿ."

"ನಾಗಿ, ನಿಮ್ಮವ್ವನೂ ಕರಿಯಾಕತ್ಯಾಳ."

ನಾನು ತಲೆ ಅಲ್ಲಾಡಿಸಿದೆ. ದುರ್ಗಕ್ಕ ಮುಂದಿನವಳ ಕಡೆ ತಿರುಗಿದಳು, ಬಾಯಿ ತೆರೆದಳು, ಮಾತು ಅಲ್ಲಿಯೇ ನಿಂತಿತು. ತಾನು ಎಲ್ಲಿಗೆ ಬಂದೆ ಎಂದು ಅವಳಿಗೆ ಆಗ ತಿಳಿಯಿತು. ಮಳೆ ಮೇಲೆ ಬಡಿಯುತ್ತಲೇ ಇತ್ತು.

"ನಮ್ಮವ್ವ?" ಎಂದಳು ನನ್ನ ಗೆಳತಿ.

"ನಿಮ್ಮವ್ವ ಕರ್ದಿಲ್ಲ ಬಿಡು. ಮ್ಯಾಕಿ ಒದರಾಕತ್ತೈತಿ."

"ಕರ್ದಾಳ. ನಂಗ ಕೇಳಿಸ್ತು."

"ಏ, ಸುಮ್ಕಿರು. ಇದು ಆಟ."

"ನಾ ಓ ಅಂತೀನಿ, ದುರ್ಗಕ್ಕ."

"ಬ್ಯಾಡಲೇ."

"ಆಟದಾಗ ಬ್ಯಾಡ ಅನ್ನಂಗಿಲ್ಲ. ನೀನ ಹೇಳಿದ್ದಿ."

ಅವಳು ಬಳೆಗಳನ್ನು ಮೇಲಕ್ಕೆ ಸರಿಸಿಕೊಂಡಳು. ಬಗ್ಗಿ, ಆ ಮಣಿಕಟ್ಟಿನಷ್ಟು ಸಣ್ಣಗಿದ್ದ ಗುಡ್ಡಿಯಿಂದ ಒಂದು ಹಿಡಿ ತೆಗೆದಳು. ಚಿಟಿಕೆಯಲ್ಲ, ಪೂರ್ತಿ ಹಿಡಿ. ಅಂಚಿನಲ್ಲಿ ನಾಲ್ಕು ಬೆರಳಿನ ಗುರುತು ಉಳಿಯಿತು. ಕಡ್ಡಿ ನಿಂತಿತ್ತು. ಎಷ್ಟು ಹೊತ್ತು ನಿಂತಿತ್ತೋ, ನಾವು ಯಾರೂ ಉಸಿರು ಬಿಡಲಿಲ್ಲ. ನಿಂತರೆ ಬದುಕಿದ ಹಾಗೆ, ಕಥೆ ಮುಂದಕ್ಕೆ. ಅವಳು ನಕ್ಕಳು. ಬೇಸಿಗೆಯಿಂದ ಹಾಗೆ ಬಾಯಿತುಂಬ ನಕ್ಕಿರಲಿಲ್ಲ. ಮೂಲೆಯ ಕತ್ತಲ ಕಡೆ ಮುಖ ಮಾಡಿ, ಒಲೆಯ ಮುಂದಿದ್ದ ಅವ್ವನಿಗೆ ಹೊಸಲಿನಿಂದ ಹೇಳುವ ಹಾಗೆ ಹೇಳಿದಳು.

"ಓ ಯವ್ವಾ. ಬಂದೆ."

ಆಮೇಲೆ ಕಡ್ಡಿ ಬಿತ್ತು. ಯಾರೂ ಮುಟ್ಟಿರಲಿಲ್ಲ.

ದುರ್ಗಕ್ಕನ ಕಡೆ ನೋಡಿದೆ. ಅವಳ ಮುಖದಲ್ಲಿ ಕಥೆ ಹೇಳುವವಳು ಇರಲಿಲ್ಲ, ನಮ್ಮಷ್ಟೇ ಹೆದರಿದ ಒಬ್ಬ ಹುಡುಗಿ ಇದ್ದಳು. ವಾಪಸ್ ಬರುವಾಗ ಆಡಬೇಕಾದ ಮಾತನ್ನು ನನ್ನ ಗೆಳತಿ ಒಳಗೆ ಹೋಗುವಾಗಲೇ ಆಡಿಬಿಟ್ಟಿದ್ದಳು. ಅದಕ್ಕೆ ಏನು ಕಟ್ಟು ಎಂದು ದುರ್ಗಕ್ಕನಿಗೂ ಗೊತ್ತಿರಲಿಲ್ಲ. ನನ್ನ ಗೆಳತಿಯೋ, ಏನೂ ಆಗದವಳ ಹಾಗೆ ಲಂಗ ಒಟ್ಟು ಮಾಡಿಕೊಂಡು ಹಿಂದಿನ ಹಲಗೆಯ ಕಡೆ ತಿರುಗಿ, ನಮಗೆ ಬೆನ್ನು ಕೊಟ್ಟು ಕುಳಿತಳು.

"ಕತಿ ಮುಗೀತು," ಎಂದಳು ದುರ್ಗಕ್ಕ ಗಡಬಡಿಸಿ. "ಗುಡ್ಡಿ ಮಾಡ್ರಿ. ಜಲ್ದಿ ಮಾಡ್ರಿ, ಆಕೀನ ಕರಿಯೂಣು."

ನಾವು ಮೂವರೂ ಕೈಯಿಂದ ಪುಡಿ ಗುಡ್ಡೆ ಹಾಕುತ್ತಿದ್ದಾಗಲೇ ಹಿಂದಿನ ಹಲಗೆ ದಢಾರನೆ ಬಿಚ್ಚಿತು. ಅವಳ ಅಪ್ಪ. ತಲೆಯ ಮೇಲೆ ಗೋಣಿಚೀಲದ ಕೊಪ್ಪೆ, ಕೈಯಲ್ಲಿ ತಗಡಿನ ಟ್ರಂಕು. ಹಿಂದೆ ರಸ್ತೆಯ ಮೇಲೆ ಗಣಿ ಕಂಪನಿಯ ಬಸ್ಸು ಗುರ್ರೆನ್ನುತ್ತ ನಿಂತಿತ್ತು.

"ಬಾ ತಾಯಿ, ಬಸ್ ಬಂದೈತಿ. ಆ ಕಡಿ ಕ್ಯಾಂಪಿನಾಗ ಕೆಲಸ ಐತಂತ, ಈಗ ಹೊಂಡ್ರಿ ಅಂದಾರ."

"ಒಂಚೂರು ತಡೀರಿ ಮಾವಾ," ಎಂದಳು ದುರ್ಗಕ್ಕ. "ಒಂದ ಒಂದು ಮಾತು ಐತಿ."

"ಏನವ್ವ ಮಾತು? ಬಸ್ ಹೋತಂದ್ರ ಆ ಮಾತು ನಂಗ ಕೂಳು ಹಾಕ್ತೈತೇನು? ಮಳಿ ಮುಗದ ಮ್ಯಾಲ ಹೊಳ್ಳಿ ಬರ್ತೀವಿ, ಆವಾಗ ಆಡ್ರಿ."

ಬಿಚ್ಚಿದ ಬಾಗಿಲಿನಿಂದ ಮಳೆ ಒಳಗೆ ನುಗ್ಗಿತು. ನಾವು ಕಟ್ಟುತ್ತಿದ್ದ ಗುಡ್ಡಿ ಕೈಯೊಳಗೇ ಕೆಸರಾಗಿ ಹರಿಯಿತು. ಮತ್ತೆ ಎಳೆದು ಕಟ್ಟಿದೆವು, ಮತ್ತೆ ಹರಿಯಿತು. ಅವಳಿಗೆ ಅಪ್ಪ ಎದುರಿಗೇ ಇದ್ದ, ಇಳಿಯಲು ತಿರುಗಬೇಕಾಗಿಯೇ ಇರಲಿಲ್ಲ. ಅವನು ತೋಳು ಚಾಚಿದ, ಅವಳು ಇಳಿದಳು. ಅವನು ಕೊಪ್ಪೆಯ ಅರ್ಧ ಅವಳ ಮೇಲೆ ಎಳೆದ. ಇಬ್ಬರೂ ಕೆಂಪು ನೀರಿನಲ್ಲಿ ಕಾಲೆಳೆಯುತ್ತ ಬಸ್ಸಿನ ಕಡೆ ಹೋದರು. ನಮಗೆ ಕಂಡದ್ದು ಅವಳ ಬೆನ್ನು, ಒದ್ದೆಯಾದ ಒಂದು ಜಡೆ.

ಬಸ್ಯಾ ತಡೆಯಲಾರದೆ ಹೆಸರು ಕೂಗಲು ಹೋದ. ದುರ್ಗಕ್ಕ ಅವನ ಬಾಯಿ ಒತ್ತಿ ಹಿಡಿದಳು. ಅರ್ಧ ಹೆಸರು ಅವಳ ಅಂಗೈಯಲ್ಲೇ ಉಳಿಯಿತು.

"ಹಂಗ ಕರೀಬ್ಯಾಡಲೇ. ಗುಡ್ಡಿ ಇಲ್ಲ, ಕಡ್ಡಿ ಇಲ್ಲ. ಆಕೀ ಜೋಡಿ ಅದೂ ಬರ್ತೈತಿ."

ಬಸ್ಸು ಹೊರಟಾಗ ನಾವು ಹಿಂದೆ ಓಡಿದೆವು, ಮಾತಿಲ್ಲದೆ, ಮೂಗರ ಹಾಗೆ. ಅವಳು ಹಿಂದಿನ ಕಿಟಕಿಯ ಹತ್ತಿರವೇ ಕುಳಿತಿದ್ದಳು. ಒಂದು ಸಲ ಕತ್ತು ತಿರುಗಿಸಿದ್ದರೆ ನಮ್ಮನ್ನು ನೋಡುತ್ತಿದ್ದಳು. ತಿರುಗಿಸಲಿಲ್ಲ. ಸಿಟ್ಟಿಗಲ್ಲ. ಕಡ್ಡಿ ಬಿದ್ದವರು ಕರೆಯುವ ತನಕ ಹೊಳ್ಳಿ ನೋಡಬಾರದಲ್ಲ, ಆ ಕಟ್ಟನ್ನು ಅವಳು ಕಾಯ್ದಳು. ಅವಳು ಆಟದಲ್ಲಿ ಎಂದೂ ಮೋಸ ಮಾಡಿದವಳಲ್ಲ.

ಮಳೆ ಮುಗಿಯಿತು. ಗುಡ್ಡದಲ್ಲಿ ಸೀತಾಫಲ ಕಣ್ಣು ಬಿಟ್ಟವು, ದಸರಾ ಬಂತು, ಲಾರಿಗಳು ಮತ್ತೆ ಹತ್ತಿ ಇಳಿಯತೊಡಗಿದವು. ಅವರ ಮನೆಗೆ ಬೇರೆ ಯಾರೋ ಬಂದರು. ಕಂಪನಿಯ ಬಸ್ಸು ಬಂದಾಗಲೆಲ್ಲ ನಾವು ಇಳಿಯುವವರ ಜಡೆ ನೋಡುತ್ತ ನಿಲ್ಲುತ್ತಿದ್ದೆವು. ಯಾವ ಕ್ಯಾಂಪಿಗೆ ಹೋದರೆಂದು ದೊಡ್ಡವರನ್ನು ಕೇಳಿದರೆ ಒಬ್ಬರು ಒಂದು ಕಡೆ ಹೇಳಿದರು, ಇನ್ನೊಬ್ಬರು ಇನ್ನೊಂದು ಕಡೆ. ನಾವು ಆ ಆಟ ಮತ್ತೆ ಆಡಲಿಲ್ಲ. ಗಾಳಿ ಬಿಟ್ಟ ದಿನ ಲಾರಿಯ ತಾಡಪತ್ರಿ ಪಟಪಟ ಬಡಿದುಕೊಂಡರೆ ಒಳಗೆ ಯಾರೋ ಮಗ್ಗುಲು ಬದಲಿಸಿದ ಹಾಗೆ ಕೇಳುತ್ತಿತ್ತು. ಬಸ್ಯಾ ಆ ಕಡೆ ಹೋಗುವುದನ್ನೇ ಬಿಟ್ಟ. ನಮ್ಮವ್ವ ಕರೆದರೂ ನಾನು ಮೂರನೇ ಕೂಗಿನ ತನಕ ಓ ಅನ್ನುತ್ತಿರಲಿಲ್ಲ.

"ಕಿವಿಯಾಗ ಅದಿರು ತುಂಬೈತೇನ?" ಎಂದು ಬೈಸಿಕೊಂಡೆ, ಬೆನ್ನಿಗೂ ಬಿತ್ತು.

ನಾನು ಮದುವೆಯಾಗಿ ಹೊಸಪೇಟೆಗೆ ಬಂದೆ. ದೊಡ್ಡವಳಾದ ಮೇಲೆ ಇದೆಲ್ಲ ಹುಡುಗಾಟಿಕೆ ಎಂದು ನನಗೂ ತಿಳಿಯುತ್ತಿತ್ತು. ತಿಳಿದರೂ ಆ ಹೆಸರಿಗೆ ನಾಲಿಗೆ ಏಳುತ್ತಿರಲಿಲ್ಲ. ಅದು ಹೊಳೆಯಾಚೆಯ ಗುಡಿಯ ದೇವಿಯ ಹೆಸರು, ನಮ್ಮ ಸೀಮೆಯಲ್ಲಿ ಮನೆಗೊಬ್ಬರಿಗೆ ಇರುತ್ತದೆ. ಹುಣ್ಣಿಮೆಗೆ ಗುಡಿಗೆ ಹೋಗಿ ಕೈ ಮುಗಿಯುವಾಗ ನಾನು ಬರೀ "ತಾಯಿ" ಎನ್ನುತ್ತಿದ್ದೆ. ಮಗಳು ಹುಟ್ಟಿದಾಗ ಅತ್ತೆ ಅದೇ ಹೆಸರು ಇಡೋಣ ಎಂದರು.

"ಬ್ಯಾಡ್ರಿ ಅತ್ತಿ," ಎಂದೆ.

"ಯಾಕ? ದೇವ್ರ ಹೆಸರು ಕಹಿ ಆತೇನು ನಿನಗ?"

ಏನು ಹೇಳಲಿ? ತೊಟ್ಟಿಲ ಮುಂದೆ ಮೂರು ಸಲ ಕೂಗುತ್ತಾರಲ್ಲ, ಅದನ್ನು ಕೇಳಿ ಬೇರೆ ಯಾರಾದರೂ ಬಂದರೆ ಎನ್ನಲೇ? ಅಥವಾ ಅವಳೇ ಬಂದು, ಇದು ನನಗಲ್ಲ ಎಂದು ಹೋದರೆ ಎನ್ನಲೇ? ಮಗಳಿಗೆ ಬೇರೆ ಹೆಸರು ಇಟ್ಟೆ. ಅತ್ತೆ ಬಹಳ ದಿನ ಮುನಿಸಿಕೊಂಡಿದ್ದರು.

ಈಗ ಆ ಮಗಳ ಮಗಳು ಸಹನಾ ಇಲ್ಲಿಯೇ ಆಸ್ಪತ್ರೆಯಲ್ಲಿ ನರ್ಸ್. ರಜೆಯ ದಿನ ಗೆಳೆಯ ಗೆಳತಿಯರನ್ನು ಕರೆದುಕೊಂಡು ಬಂದು ನಮ್ಮ ಪಡಸಾಲೆ ತುಂಬಿಸುತ್ತಾಳೆ. ಅವರು ನನ್ನ ಕೈಯ ಮಂಡಕ್ಕಿ ಒಗ್ಗರಣೆ ತಿಂದು ಮಾಡುವ ಗದ್ದಲಕ್ಕೆ ನನ್ನ ಮೊಣಕಾಲಿನ ನೋವು ಎಲ್ಲಿ ಹೋಗುತ್ತದೋ ಗೊತ್ತಾಗುವುದಿಲ್ಲ. ಹದಿನೈದು ದಿನದ ಹಿಂದೆ ಒಂದು ಡಬ್ಬಿ ತಂದರು. ಅದರಲ್ಲಿ ಬೆರಳುದ್ದದ ಕಟ್ಟಿಗೆಯ ತುಂಡುಗಳು. ಅವನ್ನು ಅಡ್ಡ ಉದ್ದ ಪೇರಿಸಿ ಗೋಪುರ ಮಾಡಿದರು, ಕಿಟಕಿ ಮುಚ್ಚಿದರು, ಸಹನಾ ಕಥೆ ಶುರು ಮಾಡಿದಳು. ಕರೆಂಟು ಹೋದ ಒಂದು ಆಸ್ಪತ್ರೆ, ರೋಗಿಗಳಿಲ್ಲದ ವಾರ್ಡಿನಿಂದ ಗಂಟೆ ಬಾರಿಸುತ್ತಿದೆ.

"ನಾ ಹೋಗಿ ನೋಡ್ತೀನಿ," ಎಂದ ಸಂಡೂರು ಕಡೆಯ ಬಂಡ್ರಿಯ ಹುಡುಗ ಮಂಜು.

"ನೋಡು. ಮೊದ್ಲು ಒಂದು ತುಂಡು ತಗಿ," ಎಂದಳು ಸಹನಾ.

ಬಾಗಿಲ ಹತ್ತಿರ ಅವರೆಕಾಯಿ ಬಿಡಿಸುತ್ತಿದ್ದ ನನ್ನ ಕೈ ನಿಂತುಹೋಯಿತು.

ಮಂಜು ಎಳೆದ ತುಂಡಿಗೆ ಗೋಪುರ ಕುಸಿದು ಬಿತ್ತು. ಎಲ್ಲರೂ ಹೋ ಎಂದರು. "ನಾ ಸತ್ತೆ, ಚಾ ಇಡ್ತೀನಿ," ಎನ್ನುತ್ತ ಅವನು ಎದ್ದು ಅಡುಗೆಮನೆಗೆ ಹೋದ.

"ಅವನ್ನ ಯಾವಾಗ ಕರೀತೀರಿ?" ಎಂದು ಕೇಳಿದೆ.

"ಚಾ ಆದ ಮ್ಯಾಲ ಅವನೇ ಬರ್ತಾನ, ತಗೋ."

"ಅಲ್ಲ ಸಹನಾ, ಆಟದಾಗಿಂದ. ಹೊಳ್ಳಿ ಕರಿಯೋದು ಯಾವಾಗ?"

"ಕರಿಯೋದು ಇಲ್ಲಜ್ಜಿ ಇದ್ರಾಗ. ಬಿತ್ತಂದ್ರ ಮುಗೀತು. ಇನ್ನೊಂದು ಆಟ ಐತಿ, ಅದ್ರಾಗ ಮೇಣದಬತ್ತಿ ಹಚ್ಚಿಟ್ಟು ಆಡ್ತಾರ, ಒಂದೊಂದ ಆರಿದಂಗ ಕತಿ ಕತ್ತಲಾಗ್ತೈತಿ, ಕಡೀಕ ಯಾರೂ ಉಳಿಯಂಗಿಲ್ಲ." ಆಮೇಲೆ ನನ್ನ ಮುಖ ನೋಡಿ, "ಯಾಕಜ್ಜಿ? ಏನಾತು?" ಎಂದಳು.

ಹೇಳಿದೆ. ಇಷ್ಟು ವರ್ಷ ಗಂಡನಿಗೂ ಹೇಳದ್ದನ್ನು ಆ ಹುಡುಗರ ಮುಂದೆ ಹೇಳಿದೆ. ಮಂಜು ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತವನು ಕೂರಲೇ ಇಲ್ಲ, ಚಹಾ ಕೆನೆ ಕಟ್ಟಿತು. ಯಾರೂ ನಗಲಿಲ್ಲ. ಅದೇ ನನಗೆ ದೊಡ್ಡದು.

ಮುಂದಿನ ಭಾನುವಾರ ಮಂಜು ಊರಿನಿಂದ ಒಂದು ಚೀಲ ತಂದ. ಬಾಯಿ ಬಿಚ್ಚಿದರೆ ಕೆಂಪು ಪುಡಿ, ಮಿಣಮಿಣ. ನಾನು ಬೊಗಸೆ ತುಂಬ ಎತ್ತಿ ಮೂಸಿದೆ, ನಾಚಿಕೆ ಬಿಟ್ಟು ನಾಲಿಗೆಗೂ ಮುಟ್ಟಿಸಿದೆ. ಅದೇ ತುಕ್ಕು. ಅವತ್ತು ಹೇಳುವವಳು ನಾನು. ಏನು ಹೇಳಲಿ ನನ್ನ ಸಂತೋಷ. ಓದಿದ ಮಕ್ಕಳು, ಔಷಧ ಅಳೆದು ಕೊಡುವ ಕೈಗಳು, ನನ್ನ ಗುಡ್ಡಿಯ ಮುಂದೆ ನಡುಗಿದವು. "ಗಂಟಿ ಇನ್ನಾ ಬೆಚ್ಚಗ ಐತಿ," ಎಂದಾಗ ಸಹನಾ ನನ್ನ ಸೆರಗು ಹಿಡಿದಳು, ಸಣ್ಣವಳಿದ್ದಾಗ ಹಿಡಿಯುತ್ತಿದ್ದ ಹಾಗೆ. ದುರ್ಗಕ್ಕ ಕೇಳಿದ್ದರೆ ಶಹಬ್ಬಾಸ್ ಎನ್ನುತ್ತಿದ್ದಳು.

ಕಥೆ ಮುಗಿದ ಮೇಲೆ ಗುಡ್ಡಿ ಕಟ್ಟಿ, ಕಡ್ಡಿ ನೆಟ್ಟು, ಬಿದ್ದವರನ್ನೆಲ್ಲ ಒಬ್ಬೊಬ್ಬರನ್ನಾಗಿ ಕರೆದೆ. ಮೂರನೇ ಕೂಗಿಗೆ ತಿರುಗಿದರು, ಹಣೆಗೆ ಪುಡಿ ಒತ್ತಿಸಿಕೊಂಡರು. ಎಲ್ಲರದೂ ಆಯಿತು. ಆಗ ಸಹನಾ ಎದ್ದು, ತನಗೂ ಮಂಜುಗೂ ನಡುವೆ ಒಂದು ಚಾಪೆ ಹಾಸಿದಳು.

"ಇನ್ನೊಬ್ರು ಉಳದಾರಲ್ಲಜ್ಜಿ," ಎಂದಳು. "ಗುಡ್ಡಿ ಐತಿ, ಕಡ್ಡಿ ಐತಿ, ನಾವೆಲ್ಲ ಸುತ್ತ ಕುಂತೀವಿ. ಕರಿ."

ಆ ಕಡ್ಡಿಯನ್ನೇ ನೋಡುತ್ತ ಕುಳಿತೆ. ಸುತ್ತ ಕೂರಬೇಕಾದವರು ಇವರಲ್ಲ. ದುರ್ಗಕ್ಕ ತೀರಿಕೊಂಡು ಬಹಳ ಕಾಲವಾಯಿತು. ಬಸ್ಯಾ ಎಲ್ಲಿದ್ದಾನೋ. ಲೈನು ಮನೆಗಳು ಇಲ್ಲ, ಲಾರಿಯನ್ನು ಗುಜರಿಗೆ ಹಾಕಿದರಂತೆ. "ಆ ಗುಡ್ಡ ಸೈತ ಪೂರಾ ಉಳದಿಲ್ಲಜ್ಜಿ," ಎಂದು ಮಂಜುವೇ ಹೇಳಿದ್ದ. ಹಿಡಿ ಹಿಡಿಯಾಗಿ ಗುಡ್ಡವನ್ನು ತೆಗೆದುಬಿಟ್ಟರು, ತುದಿಯಲ್ಲಿ ಏನು ನಿಂತಿದೆ ಎಂದು ಯಾರೂ ನೋಡಲಿಲ್ಲ. ಗವಿಯೂ ಹೋಯಿತು. ಅವಳಿಗೆ ದನಿ ಕೇಳಿಸಿದ ಜಾಗವೇ ಈಗ ನೆಲದ ಮೇಲಿಲ್ಲ. ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತರೆ ಮಾತ್ರ ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿದ್ದ ಆ ಮಳೆಯ ಸದ್ದು, ಅದನ್ನು ಎಲ್ಲಿಂದ ತರಲಿ? ಉಳಿದದ್ದು ಇಷ್ಟೇ, ಒಂದು ಚೀಲ ಪುಡಿ, ನಾನು, ಮತ್ತು ಒಂದು ಹೆಸರು.

ಕರೆದೆ. ಮೊದಲನೆಯದು ನನಗಷ್ಟೇ ಕೇಳಿತು. ಎರಡನೆಯದು ಸುತ್ತ ಕುಳಿತವರಿಗೆ ಕೇಳಿತು. ಮೂರನೆಯದನ್ನು ಕೂಗಿಯೇ ಬಿಟ್ಟೆ, ಓಣಿಗೆಲ್ಲ ಕೇಳುವ ಹಾಗೆ, ಹೊರಡುವ ಬಸ್ಸಿನ ಹಿಂದೆ ಅವತ್ತು ಕೂಗಬೇಕಾಗಿದ್ದ ಹಾಗೆ.

ಚಾಪೆ ಖಾಲಿಯೇ ಇತ್ತು. ಓ ಎನ್ನುವವರು ಯಾರು? ಕಡ್ಡಿ ನಿಂತಿತ್ತು. ನನ್ನ ಹೆಬ್ಬೆರಳಿನಲ್ಲಿ ಕೆಂಪು ಪುಡಿ ಹಾಗೇ ಇತ್ತು, ಒತ್ತಲು ಹಣೆ ಇರಲಿಲ್ಲ. ಅದನ್ನು ಆ ದಿನ ತೊಳೆಯಲಿಲ್ಲ.

ಅದಕ್ಕೇ ಈಗ ಬರೆಯುತ್ತಿದ್ದೇನೆ. ಹುಲಿಗೆಮ್ಮ ಅವಳ ಹೆಸರು, ನಮಗೆ ಹುಲಿಗಿ. ಸಂಡೂರು, ಹೊಸಪೇಟೆ, ಕಂಪ್ಲಿ, ಯಾವ ಕಡೆ ಇದ್ದಾಳೋ, ನನ್ನ ಹಾಗೆ ಯಾರದೋ ಅಜ್ಜಿಯಾಗಿರಬೇಕು. ನಿಮ್ಮ ಓಣಿಯಲ್ಲಿ ಎಡಹುಬ್ಬಿನ ಮೇಲೆ ಹಳೆಯ ಗಾಯದ ಗೆರೆಯಿದ್ದು, ಕೆಲಸಕ್ಕೆ ಕೂರುವ ಮುಂಚೆ ಬಳೆಗಳನ್ನು ಮೊಣಕೈಗೆ ಸರಿಸಿಕೊಳ್ಳುವ ಮುದುಕಿ ಇದ್ದರೆ, ಒಂದೇ ಕೂಗಿಗೆ ಓಗೊಡದವಳಾಗಿದ್ದರೆ, ದಯಮಾಡಿ ಅವಳ ಹತ್ತಿರ ಹೋಗಿ. ಗುಡ್ಡಿ ಕಟ್ಟಿ, ಕಡ್ಡಿ ನೆಟ್ಟು, ಸುತ್ತ ಕುಳಿತೇ ಕರೆದಿದ್ದಾರೆ ಎಂದು ಹೇಳಿ. ನಾಗಿ ಕರೆದಳು ಎನ್ನಿ. ಇನ್ನು ಹೊಳ್ಳಿ ನೋಡಬಹುದಂತೆ ಎನ್ನಿ.